ಇಲ್ಲದ ಬಾವಿ

ನಮ್ಮ ಊರಿನ ಹೆಸರಿನಲ್ಲೇ ಬಾವಿ ಇದೆ. ಹಂಸಭಾವಿ ಎಂದರೆ ಪರ ಊರಿನವರು ‘ಅಲ್ಲಿ ಹಂಸ ಅದಾವೇನ್ರೀ?’ ಎಂದು ಕೇಳುತ್ತಾರೆ. ಬಾವಿಯ ವಿಷಯ ಯಾರೂ ಕೇಳುವುದಿಲ್ಲ. ಕೇಳದಿದ್ದರೇ ನನಗೂ ಒಳ್ಳೆಯದು. ಮದುವೆಯಾಗಿ ಈ ಊರಿಗೆ ಬಂದು, ಕನ್ನಡ ಟೀಚರ್ ಎನಿಸಿಕೊಂಡು ಮೂವತ್ತು ವರ್ಷ ಕಳೆದರೂ ನಾನು ಒಂದು ದಿನವೂ ಬಾವಿಕಟ್ಟೆಗೆ ಕೈ ಊರಿ ಒಳಗೆ ಬಗ್ಗಿ ನೋಡಿದವಳಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದರೆ ಹಳೆಯ ಗುಡಿಗಳಲ್ಲಿ ಹೊಂಡ ಇದ್ದೇ ಇರುತ್ತದೆ. ‘ನೀವು ನೋಡಿ ಬರ್ರಿ, ನಾ ಚಪ್ಪಲಿ ಕಾಯ್ತೇನಿ’ ಎಂದು ಹೊರಗೇ ಕೂಡುತ್ತೇನೆ. ಕಾರಣ ಕೇಳಿದವರಿಗೆ ‘ನನಗ ಬವಳಿ ಬರ್ತೈತಿ’ ಅಂದರೆ ಮುಗಿಯಿತು. ಐವತ್ತು ದಾಟಿದ ಹೆಂಗಸಿಗೆ ಬವಳಿ ಬರುವುದನ್ನು ಯಾರೂ ಅನುಮಾನಿಸುವುದಿಲ್ಲ.

ಇಂಥ ನನ್ನನ್ನು 2024ರ ಬೇಸಿಗೆ ಸೂಟಿಯಲ್ಲಿ ನನ್ನ ತಮ್ಮನ ಮಗಳು ಬೆಂಗಳೂರಿಗೆ ಕರೆಸಿಕೊಂಡು ಬಾವಿಯ ದಂಡೆಯ ಮೇಲೆ ನಿಲ್ಲಿಸಿದಳು. ಆ ಬಾವಿಯಲ್ಲಿ ನೀರಿರಲಿಲ್ಲ, ಕಲ್ಲೂ ಇರಲಿಲ್ಲ. ಅಸಲಿಗೆ ಅಲ್ಲಿ ಬಾವಿಯೇ ಇರಲಿಲ್ಲ. ಇದ್ದದ್ದು ಮೂರನೆಯ ಮಹಡಿಯ ಒಂದು ಖಾಲಿ ಕೋಣೆ, ನೆಲಕ್ಕೆ ಬಿಳಿ ಟೈಲ್ಸು.

ಈ ಹುಡುಗಿಯ ಬಗ್ಗೆ ಎರಡು ಮಾತು. ಎಂಜಿನಿಯರಿಂಗ್ ಓದಿ ಕೈತುಂಬ ಸಂಬಳದ ನೌಕರಿ ಹಿಡಿದವಳು, ಮೂರು ವರ್ಷಕ್ಕೆ ಅದನ್ನು ಬಿಟ್ಟು ಮನುಷ್ಯರ ನಡವಳಿಕೆಯ ಮೇಲೆ ಸಂಶೋಧನೆ ಮಾಡುತ್ತೇನೆಂದು ಕೂತಳು. ಅವರವ್ವ ಈಗಲೂ ನನಗೆ ಫೋನು ಹಚ್ಚಿ, ‘ವೈನೀ, ನೀವರ ಬುದ್ಧಿ ಹೇಳ್ರಿ’ ಎನ್ನುತ್ತಾಳೆ. ನಾನು ಬುದ್ಧಿ ಹೇಳುವ ಬದಲು ಅವಳ ಪ್ರಯೋಗಕ್ಕೆ ನಾನೇ ಹೋಗಿ ಕೂತದ್ದು ಆಕೆಗೆ ಇನ್ನೂ ಗೊತ್ತಿಲ್ಲ.

‘ಅತ್ತೀ, ಸೂಟಿ ಐತೆಲ್ಲ, ಇಲ್ಲಿಗೆ ಬಾ. ನಿನ್ನ ಮ್ಯಾಲ ಒಂದು ಪ್ರಯೋಗ ಮಾಡೂದೈತಿ’ ಎಂದಳು.

‘ಅಡಿಗಿ ಪ್ರಯೋಗೇನ? ಅದನ್ನ ನಿಮ್ಮಪ್ಪನ ಮ್ಯಾಲ ಮಾಡು.’

‘ಅಲ್ಲ ಅತ್ತಿ. ಕಣ್ಣಿಗೆ ಒಂದು ಡಬ್ಬಿ ಕಟ್ಕೊಂಡು ನಾಕ ಹೆಜ್ಜಿ ನಡೀಬೇಕು, ಅಷ್ಟ.’

ಆ ಡಬ್ಬಿಯನ್ನು ನೀವೂ ಟಿ.ವಿ.ಯಲ್ಲಿ ನೋಡಿರಬೇಕು. ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ. ಎರಡು ಕಣ್ಣಿಗೆ ಎರಡು ಪುಟ್ಟ ಪರದೆ, ಒಂದೊಂದರಲ್ಲಿ ತುಸು ಬೇರೆ ಚಿತ್ರ. ನೀವು ತಲೆ ಹೊರಳಿಸಿದರೆ ಚಿತ್ರವೂ ಅದಕ್ಕೆ ತಕ್ಕಂತೆ ಹೊರಳುತ್ತದೆ. ಹೀಗಾಗಿ ಕಂಡದ್ದೆಲ್ಲ ಸುತ್ತಲೂ ಇದ್ದಂತೆಯೇ ಅನಿಸುತ್ತದೆ. ಇದು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಐವನ್ ಸದರ್ಲೆಂಡ್ ಎಂಬುವರು 1968ರಲ್ಲೇ ಇಂಥದೊಂದನ್ನು ಮಾಡಿದ್ದರು. ಅದು ಎಷ್ಟು ಭಾರವಿತ್ತೆಂದರೆ ಮಾಳಿಗೆಗೆ ತೂಗುಹಾಕಿ ಅದರ ಕೆಳಗೆ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಈಗಿನದು ಅರ್ಧ ಕಿಲೋ. ಎರಡು ಪಾವು ಅಕ್ಕಿ ಹಣೆಗೆ ಕಟ್ಟಿಕೊಂಡಂತೆ ಎಂದು ನಾನು ಅವಳಿಗೆ ಹೇಳಿದೆ.

ಬೆಂಗಳೂರಿಗೆ ಹೋದ ಮೊದಲ ದಿನ ಅವಳು ನನಗೆ ಡಬ್ಬಿ ತೋರಿಸಲಿಲ್ಲ, ತನ್ನ ಕಂಪ್ಯೂಟರ್ ತೋರಿಸಿದಳು. ‘ಬಾವಿ ತೋಡೂದು ದೊಡ್ಡ ಮಾತಲ್ಲ ಅತ್ತಿ. ಯುನಿಟಿ ಅಂತ ಒಂದು ತಂತ್ರಾಂಶ ಐತಿ, ವಿಡಿಯೋ ಗೇಮ್ ಮಾಡಾಕಂತ ಹುಟ್ಟಿದ್ದು. ಅದರಾಗ ಒಂದು ಮುಂಜಾನಿಗೆ ಬಾವಿ ಆಗ್ತೈತಿ. ಆದ್ರ ಬಾವಿ ಮಾಡಿದ್ರ ಪ್ರಯೋಗ ಆಗೂದಿಲ್ಲ’ ಎಂದಳು.

ನನಗೆ ಅದು ಮೊದಲು ತಿಳಿಯಲಿಲ್ಲ. ಆಮೇಲೆ ಶಾಲೆಯ ಲೆಕ್ಕಕ್ಕೆ ಹಾಕಿಕೊಂಡಾಗ ತಿಳಿಯಿತು. ಪ್ರಶ್ನೆಪತ್ರಿಕೆ ಬರೆದ ಮಾತ್ರಕ್ಕೆ ಪರೀಕ್ಷೆ ಆಗುತ್ತದೆಯೇ? ಯಾರಿಗೆ ಯಾವ ಪತ್ರಿಕೆ ಸಿಕ್ಕಿತು, ಗಂಟೆ ಯಾವಾಗ ಹೊಡೆಯಿತು, ಯಾರು ನಡುವೆ ಎದ್ದು ಹೋದರು, ಉತ್ತರಪತ್ರಿಕೆಗೆ ಯಾವ ನಂಬರು ಬಿತ್ತು, ಕಟ್ಟು ಎಲ್ಲಿಗೆ ಹೋಯಿತು? ಇಷ್ಟೂ ನೆಟ್ಟಗಿದ್ದರೆ ಪರೀಕ್ಷೆ. ಇಲ್ಲದಿದ್ದರೆ ಬರೀ ಬರವಣಿಗೆ. ಪ್ರಯೋಗದಲ್ಲೂ ಹಾಗೇ. ಮೊದಲೆಲ್ಲ ಒಬ್ಬೊಬ್ಬ ಸಂಶೋಧಕರೂ ಈ ಲೆಕ್ಕಪತ್ರದ ಪ್ರೋಗ್ರಾಮನ್ನು ತಾವೇ ಬರೆದುಕೊಳ್ಳುತ್ತಿದ್ದರಂತೆ. ಅದರಲ್ಲಿ ಒಂದು ಸಾಲು ತಪ್ಪಿದ್ದರೆ ವರ್ಷದ ಕೆಲಸ ನೀರಿನಲ್ಲಿ ಹೋಮ. ಒಬ್ಬರದು ಇನ್ನೊಬ್ಬರಿಗೆ ಅರ್ಥವೂ ಆಗುತ್ತಿರಲಿಲ್ಲ. ಅದಕ್ಕೇ ಕೆಲವರು ಎಲ್ಲರಿಗೂ ಒದಗುವಂಥ ಸಲಕರಣೆಗಳನ್ನು ಮಾಡಿಟ್ಟಿದ್ದಾರೆ. ಎಸ್ಟೋನಿಯದ ಟಾರ್ಟು ವಿಶ್ವವಿದ್ಯಾಲಯದವರದು ‘ವಿರೆಕ್ಸ್’, ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದವರದು ಇನ್ನೊಂದು. ದುಡ್ಡು ಕೊಟ್ಟು ಕೊಳ್ಳುವ ‘ವಿಝಾರ್ಡ್’ ಎಂಬುದೂ ಇದೆ. ನಮ್ಮ ಹುಡುಗಿ ಬಳಸುವುದು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಜ್ಯಾಕ್ ಬ್ರೂಕ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಬಂಧ ಬರೆದು ಪ್ರಕಟಿಸಿದ ‘ಯುನಿಟಿ ಎಕ್ಸ್‌ಪೆರಿಮೆಂಟ್ ಫ್ರೇಮ್‌ವರ್ಕ್’. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು. ದುಡ್ಡಿಲ್ಲ. ಹೊಲಿಗೆ ಕಲಿತವರು ಅಳತೆಯ ಕಾಗದವನ್ನು ಓಣಿಗೆಲ್ಲ ಕೊಟ್ಟಹಾಗೆ.

ಅದರಲ್ಲಿ ಮೂರು ಮಾತು ಮುಖ್ಯ. ಒಬ್ಬರು ಬಂದು ಕೂತು ಎದ್ದು ಹೋಗುವವರೆಗಿನದು ಸೆಷನ್. ಅದರೊಳಗಿನ ಭಾಗಗಳು ಬ್ಲಾಕ್. ಬ್ಲಾಕಿನೊಳಗೆ ಒಂದೊಂದು ಸಲ ಮಾಡುವ ಕೆಲಸ ಟ್ರಯಲ್. ಶಾಲೆಯ ದಿನ, ಊಟದ ಗಂಟೆಯ ಹಿಂದೆ ಮುಂದೆ ಎರಡು ಹೊತ್ತು, ಅದರೊಳಗಿನ ಪಿರಿಯಡ್ಡು ಎಂದುಕೊಂಡೆ, ಸರಿಹೋಯಿತು. ಪ್ರತಿ ಟ್ರಯಲ್ ನಡೆಯುವಾಗ ತಲೆ ಎಲ್ಲಿತ್ತು, ಯಾವ ಕಡೆ ಹೊರಳಿತು, ಕೈ ಎಲ್ಲಿತ್ತು ಎಂಬುದನ್ನು ಸೆಕೆಂಡಿಗೆ ಹತ್ತಾರು ಸಲ ಅದು ಬರೆದುಕೊಳ್ಳುತ್ತದೆ. ಟ್ರಯಲ್ ಮುಗಿದ ಕೂಡಲೇ ಆ ಅಂಕಿಗಳು ಒಂದು ಕಡತವಾಗಿ ಉಳಿಯುತ್ತವೆ. ಹಾಜರಿ ಪುಸ್ತಕ ಬರೆಯುವುದಕ್ಕೆ ಇಂಥದೊಂದು ಇದ್ದಿದ್ದರೆ ನನ್ನ ಎಷ್ಟು ಮುಂಜಾನೆಗಳು ಉಳಿಯುತ್ತಿದ್ದವೋ!

ಇನ್ನು ಬಾವಿಯ ವಿಷಯ. ಇಲ್ಲದ ಆಳವನ್ನು ತೋರಿಸಿ ಮನುಷ್ಯರ ಅಂಜಿಕೆಯನ್ನು ಅಳೆಯುವುದು ಈ ಶಾಸ್ತ್ರದಲ್ಲಿ ಹಳೆಯ ಪದ್ಧತಿ. ಲಂಡನ್ನಿನಲ್ಲಿ ಮೆಲ್ ಸ್ಲೇಟರ್ ಎಂಬುವರು 1990ರ ದಶಕದಲ್ಲೇ ಅಂಥ ಗುಂಡಿಯ ಕೋಣೆ ಮಾಡಿದ್ದರು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು 20 ಅಡಿ ಆಳದ ಹುಸಿ ಗುಂಡಿಯ ಅಂಚಿಗೆ ನಿಲ್ಲಿಸಿ ಎದೆಬಡಿತ ಎಣಿಸಿದರು. ಬರೀ ಒಂದೂವರೆ ಇಂಚು ದಪ್ಪದ ನಿಜವಾದ ಹಲಗೆಯನ್ನು ಕಾಲ ಕೆಳಗಿಟ್ಟರೆ ಅಂಜಿಕೆ ಇನ್ನೂ ಹೆಚ್ಚುತ್ತದೆಂದು ಕಂಡುಕೊಂಡರು. ಅಂಚು ಅಂಗಾಲಿಗೆ ತಾಕಿದರೆ ಸಾಕು, ಉಳಿದ ಆಳವನ್ನು ಮನಸ್ಸೇ ತೋಡಿಕೊಳ್ಳುತ್ತದೆ. ಅಂಜಿಸುವುದಕ್ಕಷ್ಟೇ ಅಲ್ಲ, ಅಂಜಿಕೆ ಬಿಡಿಸುವುದಕ್ಕೂ ಇದು ಬಂದಿದೆ. 1995ರಲ್ಲೇ ಬಾರ್ಬರಾ ರಾಥ್‌ಬಾಮ್ ಎಂಬ ಮನಃಶಾಸ್ತ್ರಜ್ಞೆ ಎತ್ತರಕ್ಕೆ ಹೆದರುವವರಿಗೆ ಹುಸಿ ಎತ್ತರ ತೋರಿಸಿಯೇ ಗುಣಪಡಿಸಿದ ವಿಷಯ ಪ್ರಕಟಿಸಿದ್ದರು.

ನಮ್ಮವರೂ ಇದರಲ್ಲಿ ಹಿಂದಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಡಯಂ ಶ್ರೀನಿವಾಸನ್ ಅಮೆರಿಕದ ಎಂಐಟಿಯಲ್ಲಿ ಸ್ಪರ್ಶದ ಪ್ರಯೋಗಾಲಯ ನಡೆಸಿದವರು. 2002ರಲ್ಲಿ ಅವರ ತಂಡ ಮತ್ತು ಲಂಡನ್ನಿನ ಅದೇ ಸ್ಲೇಟರ್ ಅವರ ತಂಡ ಸೇರಿ ಒಂದು ಪ್ರಯೋಗ ಮಾಡಿದವು. ಸಮುದ್ರದ ಆಚೆ ಒಬ್ಬರು, ಈಚೆ ಒಬ್ಬರು. ಇಬ್ಬರೂ ಒಂದೇ ಹುಸಿ ಪೆಟ್ಟಿಗೆಯನ್ನು ಹಿಡಿದು ಎತ್ತಿದರು. ಒಬ್ಬರು ಒತ್ತಿದ್ದು ಇನ್ನೊಬ್ಬರ ಕೈಗೆ ತಿಳಿಯಿತು! ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯವಿದೆ. ಮಾತು ಬಾರದ, ಕೈಕಾಲು ಹಿಡಿತದಲ್ಲಿಲ್ಲದ ಎಳೆಯರು ಬರೀ ಕಣ್ಣನೋಟದಿಂದ ಯಂತ್ರದ ಕೈಯನ್ನು ನಡೆಸುವಂತೆ ಮಾಡಿದ್ದಾರೆ. ಇದನ್ನು ಕೇಳಿದಾಗ ನನ್ನ ತರಗತಿಯಲ್ಲಿ ಹಿಂದೆ ಕಲಿತ ಒಬ್ಬ ಹುಡುಗ ನೆನಪಾದ. ಉತ್ತರವೆಲ್ಲ ಅವನ ಕಣ್ಣಿನಲ್ಲೇ ಇರುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ. ನಾನು ಅದಕ್ಕೆ ಅಂಕ ಕೊಡುವ ದಾರಿ ಕಾಣದೆ ಸುಮ್ಮನಿದ್ದೆ.

ನನ್ನನ್ನೇ ಯಾಕೆ ಕರೆಸಿದಳೆಂದರೆ, ಇಂಥ ಪ್ರಯೋಗಗಳಿಗೆ ಸಿಗುವವರೆಲ್ಲ ಕಾಲೇಜು ಹುಡುಗರು. ಇಪ್ಪತ್ತು ವರ್ಷದವರ ಮಂಡಿಯನ್ನು ನೋಡಿ ಮನುಷ್ಯರ ಮಂಡಿ ಹೀಗೆ ಎಂದು ಬರೆದರೆ ಹೇಗೆ? ಪಶ್ಚಿಮ ದೇಶಗಳ ಓದಿದ, ಉಳ್ಳ ಮನೆಯ ಮಕ್ಕಳ ಮೇಲೆ ಮಾಡಿದ್ದನ್ನೇ ಮಾನವಜಾತಿಯ ಸ್ವಭಾವ ಎನ್ನುತ್ತಿದ್ದೀರಿ ಎಂದು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲೇ ಎಲ್ಲರ ಕಿವಿ ಹಿಂಡಿದ್ದಾರೆ. ನಮ್ಮ ಹುಡುಗಿಗೆ ಐವತ್ತು ದಾಟಿದ, ಹಳ್ಳಿ ಪಟ್ಟಣಗಳ ಹೆಂಗಸರು ಅಂಚಿನಲ್ಲಿ ಹೇಗೆ ಹೆಜ್ಜೆ ಇಡುತ್ತಾರೆ ಎಂದು ತಿಳಿಯಬೇಕಿತ್ತು. ವಯಸ್ಸಾದವರು ಬೀಳುವುದು ಕಾಲಿನಿಂದ ಎಷ್ಟು, ಅಂಜಿಕೆಯಿಂದ ಎಷ್ಟು ಎನ್ನುವುದು ಅವಳ ಪ್ರಶ್ನೆ. ಗುಂಡಿಯ ಬದಲು ಬಾವಿ ಮಾಡಿದ್ದೂ ಅದಕ್ಕೇ. ನಮ್ಮ ಹೆಂಗಸರಿಗೆ ಗೊತ್ತಿರುವ ಆಳ ಅದೇ ತಾನೇ.

ಆದರೆ ನಾನು ಅವಳ ಲೆಕ್ಕಕ್ಕೆ ಸೇರುವವಳಲ್ಲ. ಸಂಬಂಧಿಕಳು, ಮೇಲಾಗಿ ಅವಳಿಂದಲೇ ಎಲ್ಲ ಕೇಳಿ ತಿಳಿದವಳು. ‘ನೀ ಪೂರ್ವಪರೀಕ್ಷೆಗೆ ಅತ್ತಿ. ಪ್ರೋಗ್ರಾಮಿನಾಗ ತಪ್ಪು ಎಲ್ಲೈತಿ ಅಂತ ನೋಡಾಕ’ ಎಂದಳು. ಮದುವೆ ಅಡಿಗೆಗೆ ಮುಂಚೆ ಉಪ್ಪು ನೋಡುವವರು ಒಬ್ಬರು ಬೇಕಲ್ಲ, ಆ ಕೆಲಸ.

ಉಪ್ಪು ನೋಡಿದ್ದಕ್ಕೆ ಮೊದಲು ಸಿಕ್ಕ ತಪ್ಪು ನನ್ನ ತುರುಬು. ಡಬ್ಬಿಯ ಪಟ್ಟಿ ತುರುಬಿನ ಮೇಲೆ ಕೂಡಲೊಲ್ಲದು. ಮೇಲೆ ಹಾಕಿದರೆ ಜಾರುತ್ತದೆ, ಕೆಳಗೆ ಹಾಕಿದರೆ ಡಬ್ಬಿ ಮೂಗಿನ ಮೇಲೆ ಬರುತ್ತದೆ. ಕೊನೆಗೆ ತುರುಬು ಬಿಚ್ಚಿ ಜಡೆ ಹಾಕಿಕೊಂಡೆ. ಹುಡುಗಿಯ ಕೈಯಿಂದ ಜಡೆ ಹಾಕಿಸಿಕೊಂಡು ಎಷ್ಟು ವರ್ಷವಾಗಿತ್ತೋ. ಆಮೇಲೆ ಚಷ್ಮಾ. ಆಮೇಲೆ ಸೀರೆ. ಹಲಗೆಯ ಮೇಲೆ ನೆರಿಗೆ ತೊಡರಿದರೆ ಅದು ಬಾವಿಯ ಅಂಜಿಕೆಯೋ ಸೀರೆಯ ಅಂಜಿಕೆಯೋ ಯಂತ್ರಕ್ಕೆ ಹೇಗೆ ತಿಳಿಯಬೇಕು? ಇದನ್ನೆಲ್ಲ ಅವಳು ಒಂದು ವಹಿಯಲ್ಲಿ ಬರೆದುಕೊಂಡಳು. ಲೀಡ್ಸಿನವರಿಗೆ ತುರುಬಿನ ಚಿಂತೆ ಬಂದಿರಲಿಕ್ಕಿಲ್ಲ.

ಎರಡನೆಯ ತಪ್ಪು ಕನ್ನಡದ್ದು. ಡಬ್ಬಿಯೊಳಗೆ ಸೂಚನೆಗಳು ಕಾಣಬೇಕು. ಅವಳು ಕನ್ನಡದಲ್ಲೇ ಹಾಕಿದ್ದಳು, ಅಕ್ಷರಗಳು ಮಾತ್ರ ಕೈಕಾಲು ಮುರಿದುಕೊಂಡು ಬಿದ್ದಿದ್ದವು. ಒತ್ತಕ್ಷರ ಕೆಳಗೆ ಕೂಡುವುದನ್ನು ಬಿಟ್ಟು ಪಕ್ಕದಲ್ಲಿ ಬಂದು ನಿಂತಿತ್ತು. ‘ಅಕ್ಕ’ ಎಂಬುದು ಅರ್ಧ ಕ, ಪೂರ್ತಿ ಕ ಎಂದು ಎರಡು ತುಂಡಾಗಿತ್ತು. ಅಕ್ಷರ ಮೂಡಿಸುವ ಆ ಭಾಗವನ್ನು ಮಾಡಿದವರಿಗೆ ಅಕ್ಷರಗಳು ಸಾಲಾಗಿ ನಿಲ್ಲುವುದು ಗೊತ್ತು, ಒಂದರ ಹೆಗಲೇರಿ ಒಂದು ಕೂಡುವುದು ಗೊತ್ತಿಲ್ಲ. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ಒತ್ತಕ್ಷರ ತಿದ್ದಿದ ನನಗೆ ಕೈ ತುರಿಸಿತು. ಕೊನೆಗೆ ಸೂಚನೆಗಳನ್ನೆಲ್ಲ ಬೇರೆ ಕಡೆ ನೆಟ್ಟಗೆ ಬರೆದು, ಚಿತ್ರ ಮಾಡಿ, ಆ ಚಿತ್ರವನ್ನೇ ಒಳಗೆ ಅಂಟಿಸಿದಳು.

ಸೂಚನೆಯ ಜೊತೆಗೆ ಒಂದು ಪ್ರಶ್ನಾವಳಿಯೂ ಇತ್ತು. ಡಬ್ಬಿ ಕಟ್ಟಿಕೊಂಡವರಿಗೆ ಹೊಟ್ಟೆ ತೊಳಸುವುದುಂಟು. ಅದನ್ನು ಅಳೆಯಲು 1993ರಿಂದ ಎಲ್ಲ ಕಡೆ ಬಳಸುವ ಪಟ್ಟಿ, 16 ಲಕ್ಷಣಗಳು, ಒಂದೊಂದಕ್ಕೂ ‘ಇಲ್ಲ’ದಿಂದ ‘ಬಹಳ’ದವರೆಗೆ ನಾಲ್ಕು ಮೆಟ್ಟಿಲು. ಅದನ್ನು ಅವಳು ಯಂತ್ರದಿಂದ ಕನ್ನಡ ಮಾಡಿಸಿದ್ದಳು. ಓದಿ ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ‘ತಲೆಯ ಪೂರ್ಣತೆ’ ಎಂದಿತ್ತು. ಪೂರ್ಣತೆ ಪಡೆದ ತಲೆ ಯಾರದಿದೆ? ‘ಹೊಟ್ಟೆಯ ಅರಿವು’ ಎಂದಿತ್ತು. ಅದು ನಮಗೆ ದಿನಕ್ಕೆ ಮೂರು ಹೊತ್ತು ಇರುತ್ತದೆ. ‘ಬಾಯಲ್ಲಿ ನೀರೂರುವುದು’ ಎಂದಿತ್ತು. ಹಾಗೆ ಕೇಳಿದರೆ ನಮ್ಮ ಕಡೆಯವರು ‘ಏನ ಮಾಡೀರಿ, ಹೋಳಿಗಿ ಏನ್ರೀ?’ ಎಂದಾರು. ಕೂತು ಒಂದೊಂದನ್ನೂ ಬರೆದೆ. ತಲೆ ದಿಮ್ಮೆನ್ನುವುದು, ಹೊಟ್ಟೆ ಒಂಥರಾ ಆಗುವುದು, ಬಾಯಲ್ಲಿ ಜೊಲ್ಲು ಹೆಚ್ಚುವುದು, ಕಣ್ಣು ಮುಚ್ಚಿದಾಗ ಬವಳಿ ಬರುವುದು, ಕಣ್ಣು ತೆರೆದಾಗ ಬವಳಿ ಬರುವುದು. ಈ ಎರಡು ಬವಳಿ ಬೇರೆ ಬೇರೆ ಎಂಬುದು ನನಗೂ ಆಗಲೇ ತಿಳಿದದ್ದು. ನಾನು ಇಷ್ಟು ವರ್ಷ ಜನರಿಗೆ ಹೇಳುತ್ತ ಬಂದ ಬವಳಿ ಎರಡರಲ್ಲಿ ಯಾವುದೂ ಅಲ್ಲ.

ಮೂರನೆಯ ದಿನ ಪ್ರಯೋಗ. ಮೊದಲು ಒಪ್ಪಿಗೆ ಪತ್ರ. ಯಾವಾಗ ಬೇಕಾದರೂ ನಿಲ್ಲಿಸಬಹುದು, ಕಾರಣ ಹೇಳಬೇಕಿಲ್ಲ ಎಂದು ಅದರಲ್ಲಿತ್ತು. ಓದದೆ ಸಹಿ ಹಾಕಲು ಹೋದೆ. ‘ಅತ್ತೀ, ಓದಿ ಹಾಕು’ ಎಂದು ಕೈ ಹಿಡಿದಳು. ಕಡತದಲ್ಲಿ ನನ್ನ ಹೆಸರಿರುವುದಿಲ್ಲ, ನಂಬರು ಮಾತ್ರ. ನನ್ನದು 3.

ಒಟ್ಟು 24 ಟ್ರಯಲ್ಲು, 12ರಂತೆ ಎರಡು ಬ್ಲಾಕು. ಕೆಲವು ಸಲ ಎದುರಿಗೆ ಸಾದಾ ನೆಲ, ಕೆಲವು ಸಲ ಸೊಂಟದಷ್ಟು ಆಳದ ಕುಣಿ, ಕೆಲವು ಸಲ 20 ಅಡಿ ಬಾವಿ. ಯಾವುದು ಯಾವಾಗ ಎಂದು ಅವಳಿಗೂ ಗೊತ್ತಿಲ್ಲ. ತಂತ್ರಾಂಶವೇ ಚೀಟಿ ಎತ್ತಿದಂತೆ ಕಲಸುತ್ತದೆ. ಅವಳಿಗೆ ಗೊತ್ತಿದ್ದರೆ ಅವಳ ದನಿಯಿಂದ ನನಗೆ ತಿಳಿದುಬಿಡುತ್ತದೆಯಂತೆ. ನಿಜ. ಸರಿ ಉತ್ತರ ಬಂದಾಗ ಟೀಚರ ಮುಖ ಅರಳುವುದನ್ನು ನೋಡಿಯೇ ಹೇಳುವ ಮಕ್ಕಳು ಎಷ್ಟಿಲ್ಲ.

ಸಾದಾ ನೆಲ ಬಂತು, ನಡೆದೆ. ಕುಣಿ ಬಂತು, ನಡೆದೆ. ಆಮೇಲೆ ಬಾವಿ. ಹುಡುಗಿ ಚೆನ್ನಾಗಿಯೇ ಮಾಡಿದ್ದಳು. ಕಲ್ಲಿನ ಸಂದಿಯಲ್ಲಿ ಹುಲ್ಲು, ಕೆಳಗೆ ಕಪ್ಪಗೆ ನೀರು. ಇದು ಬಿಳಿ ಟೈಲ್ಸಿನ ಕೋಣೆ ಎಂದು ನನಗೆ ಗೊತ್ತು. ಪಕ್ಕದಲ್ಲಿ ಫ್ಯಾನು ತಿರುಗುವ ಸಪ್ಪಳ ಕೇಳುತ್ತಿದೆ. ಆದರೂ ಅಂಗಾಲಿಗೆ ಹಲಗೆಯ ಅಂಚು ತಾಕಿದ್ದೇ ತಡ, ಮೈ ಕಲ್ಲಾಯಿತು. ಹುಡುಗಿಗೆ ಕೆಲಸ ಕೆಡಬಾರದು ಎಂದು ಹಲ್ಲು ಕಚ್ಚಿ ದಾಟಿದೆ. ಮುಂದೆ ಮತ್ತೆ ನೆಲ, ಮತ್ತೆ ಕುಣಿ, ಮತ್ತೆ ಬಾವಿ. ಮೊದಲ ಬ್ಲಾಕು ಮುಗಿಸಿದೆ. ಎರಡನೆಯದರಲ್ಲಿ ಬಾವಿ ಬಂದಾಗ ‘ಸಾಕು’ ಎಂದು ಡಬ್ಬಿ ಕಿತ್ತು ಕೈಗೆ ಕೊಟ್ಟೆ.

‘ಬವಳಿ ಬಂತೇನ ಅತ್ತಿ?’

‘ಹೂಂ. ಬವಳಿ.’

ನೀರು ಕೊಟ್ಟಳು. ಕೂಡಿಸಿದಳು. ಅರ್ಧಕ್ಕೆ ಬಿಟ್ಟದ್ದಕ್ಕೆ ಒಂದು ಮಾತೂ ಆಡಲಿಲ್ಲ. ಸಂಜೆಗೆ ಮಾತ್ರ ಕಂಪ್ಯೂಟರ್ ಮುಂದೆ ಕೂತವಳು ಹುಬ್ಬು ಗಂಟಿಕ್ಕಿಕೊಂಡು ಎದ್ದಳು. ‘ಅತ್ತೀ, ಪ್ರೋಗ್ರಾಮಿನಾಗ ಏನೋ ತಪ್ಪೈತಿ. ನೀ ಬಾವಿ ಕಂಡಾಗೆಲ್ಲ ತಲಿ ಬಲಕ್ಕ ಹೊಳ್ಳೇತಿ. ಕೆಳಗ ನೋಡೇ ಇಲ್ಲ.’

ಮೊದಲು ಅವಳು ಡಬ್ಬಿಯ ಮೇಲೆ ಸಂಶಯಪಟ್ಟಳು. ತಾನೇ ಕಟ್ಟಿಕೊಂಡು ನಡೆದು ನೋಡಿದಳು, ಸರಿ ಇತ್ತು. ಆಮೇಲೆ ದಿಕ್ಕಿನ ಲೆಕ್ಕ ತಪ್ಪಿದೆಯೋ ಎಂದು ನೋಡಿದಳು. ಸಾದಾ ನೆಲದ ಕಡತಗಳಲ್ಲಿ ನನ್ನ ತಲೆ ನೆಟ್ಟಗೇ ಇದೆ. ಕುಣಿಯಲ್ಲೂ ನೆಟ್ಟಗೆ. ಬಾವಿ ಬಂದಾಗ ಮಾತ್ರ ಬಲಕ್ಕೆ, ಪ್ರತಿಸಲವೂ ಹೆಚ್ಚುಕಡಿಮೆ ಅಷ್ಟೇ. ಪರದೆಯ ಮೇಲೆ ಗೆರೆ ಎಳೆದು ತೋರಿಸಿದಳು. ಒಂದರ ಮೇಲೊಂದು ಇಟ್ಟರೆ ಎಲ್ಲ ಗೆರೆಗಳೂ ಒಂದೇ ಕಡೆಗೆ ಬಾಗಿದ್ದವು, ಗಾಳಿಗೆ ಬಾಗಿದ ಜೋಳದ ದಂಟಿನಂತೆ.

‘ಬಲಕ್ಕ ಏನೂ ಇಟ್ಟಿಲ್ಲ ಅತ್ತಿ ನಾನು. ಏನ ನೋಡಿದಿ ಅಲ್ಲಿ?’

ನನಗೇ ಗೊತ್ತಿರಲಿಲ್ಲ, ನಾನು ಬಲಕ್ಕೆ ನೋಡಿದೆನೆಂದು. ಆ ಗೆರೆ ನೋಡಿದ ಮೇಲೆ ಗೊತ್ತಾಯಿತು. ಬಲಕ್ಕೆ ಹಾಸುಗಲ್ಲಿತ್ತು. ಅವಳ ಬಾವಿಯಲ್ಲಲ್ಲ, ನಮ್ಮ ತವರಿನ ಹೊಲದ ಬಾವಿಯಲ್ಲಿ.

ಅವಳಿಗೆ ಅಂದು ಹೇಳಿದೆ. ಹೆತ್ತ ಮಕ್ಕಳಿಗೆ ಹೇಳಿಲ್ಲ, ನಮ್ಮ ಮನೆಯವರಿಗೂ ಪೂರ್ತಿ ಹೇಳಿಲ್ಲ. ನನಗೊಬ್ಬ ಅಕ್ಕ ಇದ್ದಳು. 1977ರ ಬೇಸಿಗೆ, ಅವಳಿಗೆ ಹದಿನಾಲ್ಕು, ನನಗೆ ಒಂಬತ್ತು. ಬಾವಿಗೆ ಕಟ್ಟೆ ಇರಲಿಲ್ಲ. ಹಾಸುಗಲ್ಲಿನ ಮೇಲೆ ನಿಂತು ನೀರು ಸೇದಬೇಕು. ಕೊಡ ತುಂಬಿ ಮೇಲೆ ಬರುತ್ತಿತ್ತು. ನಾನು ಏನೋ ಕೇಳಿದೆ, ಅವಳು ಹೊರಳಿ ನನ್ನ ಕಡೆ ನೋಡಿದಳು. ಅಷ್ಟೇ. ಅಪ್ಪ ಎತ್ತು ಬಿಟ್ಟು ಓಡಿಬಂದ. ನಾನು ಏನು ಕೇಳಿದೆ ಎಂಬುದು ಎಷ್ಟು ತಿಣುಕಿದರೂ ನೆನಪಿಗೆ ಬಂದಿಲ್ಲ. ಆಮೇಲೆ ಅಪ್ಪ ಆ ಹೊಲ ಮಾರಿದ. ಅವ್ವ ಅಕ್ಕನ ಹೆಸರು ತೆಗೆಯುವುದನ್ನು ಬಿಟ್ಟಳು. ಅವ್ವ ಬಿಟ್ಟಳೆಂದು ನಾವೂ ಬಿಟ್ಟೆವು. ತಮ್ಮ ಆರು ವರ್ಷದವನು, ಮನೆಯಲ್ಲಿ ಅವ್ವನ ಹತ್ತಿರ ಇದ್ದ. ಅವನ ಮಗಳಿಗೆ ತನಗೊಬ್ಬ ದೊಡ್ಡತ್ತೆ ಇದ್ದಳೆಂಬುದೇ ಗೊತ್ತಿರಲಿಲ್ಲ.

ಹುಡುಗಿ ಬಹಳ ಹೊತ್ತು ನನ್ನ ಕೈ ಹಿಡಿದು ಕೂತಳು. ಆಮೇಲೆ, ‘ಕಡತ ಅಳಿಸಲೇನ ಅತ್ತಿ?’ ಎಂದಳು. ಪೂರ್ವಪರೀಕ್ಷೆಯ ಅಂಕಿ ಹೇಗೂ ಲೆಕ್ಕಕ್ಕಿಲ್ಲ. ಆದರೂ ನನಗೆ ಒಂದು ಗಳಿಗೆ ಬೇಡವೆನಿಸಿತು. ಅಕ್ಕನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಅವಳು ನಿಂತ ಜಾಗವನ್ನು ತೋರಿಸುವುದು ಜಗತ್ತಿನಲ್ಲಿ ಆ ಗೆರೆಗಳು ಮಾತ್ರ. ಆದರೆ ನನ್ನ ಮೈಯಿಂದ ನನಗೆ ತಿಳಿಯದಂತೆ ಇಷ್ಟನ್ನು ಬಗೆದು ತೆಗೆದ ಕಡತ ಬೇರೆಯವರ ಕಂಪ್ಯೂಟರಿನಲ್ಲಿ ಇರುವುದೂ ಬೇಡವೆನಿಸಿತು. ನಂಬರು 3 ಎಂದು ಬರೆದರೇನು, ಅದು ನಾನೇ. ‘ಅಳಿಸು’ ಎಂದೆ. ನನ್ನ ಮುಂದೆಯೇ ಅಳಿಸಿದಳು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಆ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಮುಂದೆ ಇಂಥವರು ಇನ್ನೆಷ್ಟು ಜನ ಬರಬಹುದು ಎಂಬುದೇ ಅವಳ ಚಿಂತೆ. ಬಾವಿ ಗೊತ್ತಿದ್ದವರು ಬೇಕೆಂದೇ ಬಾವಿ ಮಾಡಿದವಳಿಗೆ, ಬಾವಿ ಗೊತ್ತಿದ್ದವರಿಗೆ ಇನ್ನೂ ಏನೇನು ಗೊತ್ತಿರುತ್ತದೆ ಎಂಬುದು ಹೊಳೆದಿರಲಿಲ್ಲ. ನಮ್ಮ ಕಡೆ ಬಾವಿಗೆ ಬಿದ್ದವರೆಲ್ಲ ಕಾಲು ಜಾರಿಯೇ ಬಿದ್ದವರಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಪ್ರಯೋಗಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕೆಂದು ತೀರ್ಮಾನವಾಯಿತು. ಪ್ರಶ್ನೆ ಬರೆಯುವುದು ನನ್ನ ಪಾಲಿಗೆ ಬಂತು. ‘ನಿಮ್ಮ ಮನೆಯಲ್ಲಿ ಯಾರಾದರೂ ಬಾವಿಗೆ ಬಿದ್ದು...’ ಎಂದು ಬರೆದು ಹೊಡೆದುಹಾಕಿದೆ. ಆ ಪ್ರಶ್ನೆ ಕೇಳಿದರೆ ಡಬ್ಬಿಯೇ ಬೇಕಿಲ್ಲ, ಅಲ್ಲೇ ಬಾವಿ. ಸಾವಿರಾರು ಪ್ರಶ್ನೆಪತ್ರಿಕೆ ತೆಗೆದ ಕೈಗೆ ಒಂದು ಪ್ರಶ್ನೆ ಬರೆಯಲು ಎರಡು ದಿನ ಹಿಡಿಯಿತು. ಕೊನೆಗೆ ಹೀಗೆ ನಿಂತಿತು: ‘ಬಾವಿ, ಕೆರೆ, ಎತ್ತರದ ಜಾಗ, ಇವುಗಳಿಗೆ ಸಂಬಂಧಿಸಿ ನೀವು ನೆನೆಯಲು ಇಷ್ಟಪಡದ ಏನಾದರೂ ಇದೆಯೇ? ಏನೆಂದು ಹೇಳಬೇಕಾಗಿಲ್ಲ. ಹೌದು ಅಥವಾ ಇಲ್ಲ ಎಂದರೆ ಸಾಕು.’ ಹೌದು ಎಂದವರಿಗೆ ಚಹಾ ಕುಡಿಸಿ, ಬಂದುಹೋದ ಖರ್ಚು ಕೊಟ್ಟು ಕಳಿಸುವುದು. ಇಲ್ಲ ಎಂದವರಿಗೂ ಕೈ ಎತ್ತಿದ ಕೂಡಲೇ ಬಾವಿ ಮಾಯವಾಗಿ ಸಾದಾ ನೆಲ ಬರುವಂತೆ ಪ್ರೋಗ್ರಾಮಿನಲ್ಲಿ ಸೇರಿಸಿದಳು. ಅದನ್ನು ಪರೀಕ್ಷೆ ಮಾಡಲು ನಾನೇ ಮತ್ತೊಮ್ಮೆ ಡಬ್ಬಿ ಕಟ್ಟಿಕೊಂಡೆ. ಬಾವಿ ಬಂತು. ಈ ಸಲ ಬಲಕ್ಕೆ ನೋಡುತ್ತಿದ್ದೇನೆಂದು ತಿಳಿದೇ ಬಲಕ್ಕೆ ನೋಡಿದೆ. ಕೈ ಎತ್ತಿದೆ. ನೆಲ ಬಂತು.

ಊರಿಗೆ ಬಂದು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ತಮ್ಮನಿಗೆ ಫೋನು ಹಚ್ಚಿದೆ. ಮಳೆ, ಗೋವಿನಜೋಳದ ಬೀಜ, ಅವನ ಸಕ್ಕರೆ ಕಾಯಿಲೆ ಎಲ್ಲ ಮಾತಾಡಿ ಆದಮೇಲೆ ಕೇಳಿದೆ. ‘ತಮ್ಮಾ, ನಮ್ಮ ಹಳೇ ಹೊಲದ ಬಾವ್ಯಾಗ ಹಾಸಗಲ್ಲು ಯಾವ ಕಡಿಗಿತ್ತು? ಬಲಕ್ಕ ಅಲ್ಲೇನ?’

ಅವನು ಏನು ಮಾತು ಇದು ಎಂದು ಕೇಳಲಿಲ್ಲ. ಸ್ವಲ್ಪ ತಡೆದು, ‘ಎಡಕ್ಕ’ ಎಂದ.

‘ಅಲ್ಲೋ, ಬಲಕ್ಕ ಇತ್ತು. ನನಗ ಚಲೋ ನೆನಪೈತಿ.’

‘ನಿನಗ ಬಲಕ್ಕ, ಅಕ್ಕಾ. ನಾ ಆಚೀ ದಂಡಿಮ್ಯಾಲ ನಿಂತಿದ್ದೆ.’

ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಫೋನು ಇಬ್ಬರೂ ಇಡಲಿಲ್ಲ.